ಭಾನುವಾರದ ಕೊಸರು

ಬೇಡ ಅನ್ನುವ ಒಂದೇ ಮಾತನ್ನು ಹೇಳಿ ಹೇಳಿ ಬೆಟ್ಟಮ್ಮನಿಗೆ ಸಾಕುಸಾಕಾಗಿ ಹೋಗಿತ್ತು. ಬೆಳಗ್ಗೆ ಎದ್ದರೆ ಎರಡನೇ ರೊಟ್ಟಿ ಬೇಡ, ಮಧ್ಯಾಹ್ನ ಎರಡನೇ ಮುದ್ದೆ ಬೇಡ, ರಾತ್ರಿ ಅನ್ನ ಬೇಡ, ತುಪ್ಪದ ಮಾತಂತೂ ಎತ್ತಲೇ ಬೇಡಿ. ಮದುವೆಯಾಗಿ ಮಂಡಿ ಮೊಹಲ್ಲಾದ ಈ ಮನೆಗೆ ಕಾಲಿಟ್ಟ ದಿನದಿಂದ ಗಂಡನಿಗೆ 'ಇನ್ನೊಂಚೂರು ಹಾಕಿಸ್ಕೊಳ್ಳಿ' ಅಂದೇ ಅಭ್ಯಾಸವಾದ ನಾಲಿಗೆ ಅದು. ಈಗ ಅದೇ ನಾಲಿಗೆಯಲ್ಲಿ 'ಸಾಕು, ಏಳಿ' ಅನ್ನಬೇಕು. ಅಂದಮೇಲೆ ಅಷ್ಟು ದೊಡ್ಡ ಮನುಷ್ಯ ಖಾಲಿ ತಟ್ಟೆಯನ್ನು ಬೆರಳಲ್ಲಿ ಸವರುತ್ತಾ ಕೂರುವುದನ್ನು ಬೇರೆ ನೋಡಬೇಕು. ಅಡುಗೆ ಮಾಡಿ ಬಡಿಸಿ ದಣಿಯುವುದು ಆಕೆಗೆ ಗೊತ್ತಿತ್ತು. ಮಾಡಿದ್ದನ್ನು ಬಡಿಸದೆ ದಣಿಯುವುದು ಅದಕ್ಕಿಂತ ಹೆಚ್ಚು ಅನ್ನುವುದು ಈ ವಯಸ್ಸಿನಲ್ಲಿ ತಿಳಿಯಿತು.

ಆಕೆಯ ಗಂಡ ಕೆಂಪಯ್ಯ ಬೆಲ್ಲದ ಮಂಡಿಯವನು. ಹುಟ್ಟೂರು ಇಲವಾಲ. ಅಲ್ಲಿನ ಉಳುಮೆಯನ್ನು ಅಣ್ಣಂದಿರಿಗೆ ಬಿಟ್ಟು ಪೇಟೆ ಸೇರಿ, ಹಳ್ಳಿಗಳಿಂದ ಗಾಡಿಯಲ್ಲಿ ಬರುವ ಬೆಲ್ಲ ಕೊಂಡು ಊರಿನ ಅಂಗಡಿಗಳಿಗೆಲ್ಲ ಕೊಡುವ ವ್ಯಾಪಾರ ಹಿಡಿದಿದ್ದ. ಆಳು ಕಟ್ಟುಮಸ್ತು ಅಂತ ಜನ ಹೇಳುತ್ತಿದ್ದರು. ಮೂವತ್ತರ ವಯಸ್ಸಿಗೆ ಆ ಮಾತು ಸರಿ. ಐವತ್ತರ ಹತ್ತಿರ ಬಂದಾಗ ಅದಕ್ಕೆ ಬೊಜ್ಜು ಅನ್ನದೆ ಬೇರೆ ಹೆಸರಿಲ್ಲ. ಯುಗಾದಿ ಕಳೆದ ಹೊಸದರಲ್ಲಿ ಅಂಗಡಿಯ ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಎದೆ ಹಿಡಿದುಕೊಂಡು ಕುಸಿದು ಕೂತುಬಿಟ್ಟ. ಟಾಂಗಾದಲ್ಲಿ ಹಾಕಿಕೊಂಡು ಚಾಮರಾಜಪುರಂನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹೃದಯ ತಾನು ಹೊರಲಾರದ ಭಾರ ಹೊರುತ್ತಿದೆ, ದಸರೆಯೊಳಗೆ ಮೈ ಇಳಿಯದಿದ್ದರೆ ಮುಂದಿನ ಸಲ ಹೀಗಾದಾಗ ನನ್ನ ಕೈಲಿ ಏನೂ ಇರುವುದಿಲ್ಲ ಅಂತ ಡಾಕ್ಟರು ಹೇಳಿದರು. ಹೇಳಿದ್ದು ಕೆಂಪಯ್ಯನಿಗೆ, ನೋಡಿದ್ದು ಮಾತ್ರ ಬೆಟ್ಟಮ್ಮನನ್ನು. ಸೌಟು ಹಿಡಿದವಳ ಮೇಲೇ ಹೊಣೆ ಬಿತ್ತು.

ಸಿಹಿ ತಿನ್ನುವ ಅಭ್ಯಾಸ ಹೇಗೆ ಅಂತ ಡಾಕ್ಟರು ಕೇಳಿದಾಗ ಅಂಥ ಸಂಕಟದಲ್ಲೂ ಗಂಡ ಹೆಂಡಿರಿಬ್ಬರೂ ನಕ್ಕರು. ಕೆಂಪಯ್ಯ ಸಿಹಿ ಕಂಡರೆ ಮುಖ ತಿರುಗಿಸುವವನು. ಹಬ್ಬದ ಒಬ್ಬಟ್ಟಿನಲ್ಲೂ ದೇವರ ಹೆಸರು ಹೇಳಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಪಕ್ಕಕ್ಕೆ ತಳ್ಳುತ್ತಿದ್ದ. ಕಾಫಿಯನ್ನೂ ಕಹಿಯಾಗಿಯೇ ಕುಡಿಯುತ್ತಿದ್ದ. ಬೆಲ್ಲದ ಸಾಹುಕಾರರಿಗೆ ಬೆಲ್ಲ ಬೇಡವೋ ಅಂತ ಡಾಕ್ಟರೂ ನಕ್ಕು, ಹಾಗಾದರೆ ಇದೆಲ್ಲ ಅನ್ನ, ಮುದ್ದೆ, ಬಾಡಿನ ಕಾಟ, ಅದನ್ನು ಬಿಗಿ ಹಿಡಿಯಿರಿ ಅಂದರು. ಬೆಟ್ಟಮ್ಮ ಬಿಗಿ ಹಿಡಿದಳು.

ಹೇಳಬೇಕಾದ ಮಾತು ಹೇಳಲೇಬೇಕು, ಕೆಂಪಯ್ಯ ಮಾತು ಕೇಳಿದ. ಒಂದು ವಾರವೆಲ್ಲ ಕೊಟ್ಟಷ್ಟೇ ತಿಂದು, ನೀರು ಕುಡಿದು, ಗೊಣಗದೆ ಮಲಗಿದ. ಶನಿವಾರ ಸಂಜೆ ಬಂದು ಒಲೆಯ ಹತ್ತಿರ ಕೂತ. ಶನಿವಾರ ಅವರ ಮನೆದೇವರ ವಾರ, ಬಾಡು ಮುಟ್ಟುವಂತಿಲ್ಲ. ಮಾರನೇ ದಿನ ಭಾನುವಾರ. ಮಂಡಿಗೆ ರಜೆ. ಕೈಹಿಡಿದ ದಿನದಿಂದ ಆ ಮನೆಯಲ್ಲಿ ಭಾನುವಾರ ಅಂದರೆ ಕುರಿಬಾಡು, ಮೂಗಲ್ಲಿ ನೀರು ಬರಿಸುವಂಥ ಖಾರದ ಸಾರು, ಬಿಸಿ ಮುದ್ದೆ. ಈ ಒಂದು ಊಟಕ್ಕಾಗಿ ಅವನು ಉಳಿದ ದಿನವನ್ನೆಲ್ಲ ತಳ್ಳುತ್ತಾನೇನೋ ಅಂತ ಆಕೆಗೆ ಎಷ್ಟೋ ಸಲ ಅನ್ನಿಸಿತ್ತು.

"ವಾರವೆಲ್ಲ ನೀನು ಹೇಳ್ದಂಗೆ ಕೇಳ್ತೀನಿ ಕಣಮ್ಮಿ. ಭಾನುವಾರ ಒಂದಿನ ಬುಟ್ಬುಡು" ಅಂದ. "ತೂಗಿ ಆದ್ಮೇಲೆ ಒಂದು ಚೂರು ಕೊಸರು ಹಾಕ್ದೆ ಹೋದ್ರೆ ಗಿರಾಕಿ ಮತ್ತೆ ಅಂಗಡಿ ಮೆಟ್ಲು ಹತ್ತಾನಾ? ಈ ದೇಹಾನೂ ಒಂದು ಗಿರಾಕೀನೇ."

ಕೊಸರಿಲ್ಲದ ವ್ಯಾಪಾರ ಬೆಟ್ಟಮ್ಮನೂ ಕಂಡವಳಲ್ಲ. ಸೊಪ್ಪಿನವಳೂ ಕೊನೆಗೆ ಎರಡು ಎಸಳು ಎಸೆದೇ ಹೋಗುತ್ತಾಳೆ. ಆಯಿತು ಅಂದಳು. ಆವತ್ತಿನಿಂದ ಭಾನುವಾರಕ್ಕೆ ಆ ಮನೆಯಲ್ಲಿ ಕೊಸರಿನ ದಿನ ಅಂತಲೇ ಹೆಸರಾಯಿತು.

ಸೋಮವಾರ ಬೆಳಗ್ಗೆ ಮಂಡಿಯಲ್ಲಿ ತೂಕ. ಬೆಲ್ಲದ ಪಿಂಡಿಗಳನ್ನು ತೂಗುವ ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಕೆಂಪಯ್ಯ ಕಾಲು ಮಡಿಸಿ ಕೂತರೆ ಇನ್ನೊಂದಕ್ಕೆ ಹಮಾಲಿಗಳು ತೂಕದ ಬಟ್ಟು ಹೇರುತ್ತಿದ್ದರು. ಕಿಲೋ ಬಟ್ಟುಗಳು ಬಂದು ಇನ್ನೂ ಹೊಸತು. ಮಂಡಿಯಲ್ಲಿ ಎಲ್ಲರ ಬಾಯಲ್ಲಿ ಇನ್ನೂ ಮಣದ ಲೆಕ್ಕವೇ. ಸಾಹುಕಾರ್ರು ಈ ಸಲ ಎಷ್ಟು ಮಣ ಅಂತ ಹಮಾಲಿಗಳು ತಮಾಷೆ ಮಾಡುತ್ತಿದ್ದರು. ತಮಾಷೆಯೇನೋ ಸರಿ, ತಟ್ಟೆ ಮಾತ್ರ ಒಂದು ಕೂದಲೆಳೆಯಷ್ಟೂ ಮೇಲೇಳಲಿಲ್ಲ. ಒಂದು ಸೋಮವಾರ ಹೋಯಿತು, ಇನ್ನೊಂದು ಹೋಯಿತು. ಆಷಾಢ ಕಳೆಯಿತು.

ಡಾಕ್ಟರಿಗೆ ಹೋಗಿ ಹೇಳಿದರೆ ಅವರು ಭಾನುವಾರದ ವಿಷಯ ಕೇಳಿ ಹಣೆ ಚಚ್ಚಿಕೊಂಡರು. ಆರು ದಿನ ಕಟ್ಟಿದ ಗೋಡೆಯನ್ನು ಏಳನೇ ದಿನ ನೀವೇ ಕೆಡವುತ್ತಿದ್ದೀರಿ, ಈ ಮುದ್ದು ಮಾಡುವುದನ್ನು ಬಿಡಿ ಅಂತ ಬೆಟ್ಟಮ್ಮನಿಗೇ ಗದರಿದರು. ಆಕೆ ತಲೆ ತಗ್ಗಿಸಿ ಬಂದಳು. ಮುಂದಿನ ಭಾನುವಾರ ಒಲೆಯ ಮೇಲೆ ಬರೀ ಬೇಳೆಸಾರು. ಕೆಂಪಯ್ಯ ಸಾರು ನೋಡಿದ, ಆಕೆಯ ಮುಖ ನೋಡಿದ. ಉಂಡು ಎದ್ದು ಹೋಗಿ ಜಗಲಿಯ ತುದಿಯಲ್ಲಿ ಕೂತ. ಪಕ್ಕದ ಮನೆಯಲ್ಲಿ ಬಾಡು ಬೇಯುತ್ತಿತ್ತು. ಒಳಗೆ ಬನ್ನಿ, ಬಿಸಿಲು ಅಂತ ಆಕೆ ಕರೆದರೆ, ವಾಸನೆಗೂ ತೂಕ ಅದಾ ಅಂತ ನಿನ್ನ ಡಾಕ್ಟ್ರನ್ನ ಕೇಳು ಅಂದ. ಬೆಟ್ಟಮ್ಮ ಒಳಗೆ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಇದರ ಮೇಲೆ ನೆಂಟರ ಕಾಟ ಬೇರೆ. ಇಲವಾಲದಿಂದ ಅವನ ಅಕ್ಕ ದೇವಿರಮ್ಮ ಬಂದವಳು ಒಂದು ದಿನವಿಡೀ ತಮ್ಮನ ತಟ್ಟೆ ನೋಡಿ ಹೊಟ್ಟೆ ಉರಿಸಿಕೊಂಡಳು. ದುಡಿಯುವ ಗಂಡಸನ್ನು ಭಾನುವಾರವೂ ಬೇಳೆಸಾರಲ್ಲಿ ಕೂರಿಸುವ ಮನೆ ತಾನು ಎಲ್ಲೂ ಕಂಡಿಲ್ಲ ಅಂತ ಬೀದಿಗೆ ಕೇಳುವ ಹಾಗೆ ಹೇಳಿ ಹೋದಳು. ಕೊಟ್ಟರೆ ಡಾಕ್ಟರು ಬೈಯುತ್ತಾರೆ, ಕೊಡದಿದ್ದರೆ ನೆಂಟರು ಬೈಯುತ್ತಾರೆ. ನನಗೆ ಬೈಯದೆ ಇರುವವನು ಇವನೊಬ್ಬನೇ, ಅದೇ ನನಗೆ ಹೆಚ್ಚು ಕಷ್ಟ ಅಂದುಕೊಂಡಳು ಬೆಟ್ಟಮ್ಮ.

ಕೊಸರು ನಿಂತಮೇಲೂ ತಕ್ಕಡಿ ಕದಲಲಿಲ್ಲ.

ಇಲ್ಲಿ ಆಕೆಯ ಮನಸ್ಸು ಕೆಟ್ಟಿತು. ಮನೆಯಲ್ಲಿ ತಿನ್ನುತ್ತಿಲ್ಲ ಅಂದಮೇಲೆ ಹೊರಗೆ ತಿನ್ನುತ್ತಿದ್ದಾನೆ. ಮಂಡಿಯ ಮೂಲೆಮೂಲೆಗೂ ಹೋಟೆಲು, ಬೋಂಡದ ಬಾಣಲೆ. ತಾನಿಲ್ಲಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರೆ ಅವನಲ್ಲಿ ಮೇಯುತ್ತಿದ್ದಾನೆ. ಒಂದು ಸಂಜೆ ಅವನು ಕೈಕಾಲು ತೊಳೆದು ಬರುವಷ್ಟರಲ್ಲಿ ಕೇಳಿಯೇಬಿಟ್ಟಳು, ದಿನಾ ಯಾವ ಹೋಟೆಲಿಗೆ ಹೋಗುತ್ತೀರಿ ಅಂತ. ಕೆಂಪಯ್ಯ ಮೊದಲು ಅರ್ಥವಾಗದವನ ಹಾಗೆ ನಿಂತ. ಆಮೇಲೆ ಗೋಡೆಯ ಮೇಲಿದ್ದ ಚಾಮುಂಡಿಯ ಪಟವನ್ನು ಮುಟ್ಟಿದ.

"ತಾಯಿ ಮೇಲಾಣೆ, ಅಂಗಡೀಲಿ ನೀರು ಬುಟ್ರೆ ಏನೂ ಬಾಯಿಗೆ ಹಾಕಿಲ್ಲ" ಅಂದ. "ನಾನು ಕದ್ದು ತಿನ್ನೋನು ಅಂದ್ಕೊಂಡ್ಯಾ ಬೆಟ್ಟಮ್ಮಿ?"

ಆ ರಾತ್ರಿ ಆಕೆ ಕೊಟ್ಟ ಒಂದು ರೊಟ್ಟಿಯನ್ನೂ ಅವನು ಮುಟ್ಟಲಿಲ್ಲ. ಅವನ ಮಾತನ್ನು ಆಕೆ ನಂಬಲಿಲ್ಲ. ನಂಬದೆ ಇದ್ದದ್ದಕ್ಕೆ ನಿದ್ದೆಯೂ ಬರಲಿಲ್ಲ. ಮಾರನೇ ದಿನ ಊಟದ ಕ್ಯಾರಿಯರು ಹಿಡಿದು ಹೊತ್ತಿಗೆ ಮುಂಚೆಯೇ ಮಂಡಿಗೆ ಹೊರಟಳು. ಕೈಗೆ ಸಿಕ್ಕಿಬೀಳಲಿ, ಆಮೇಲೆ ಮಾತು ಅಂತ.

ಗಾಡಿಗಳು ಸಾಲಾಗಿ ನಿಂತಿದ್ದವು. ಬೆಲ್ಲದ ಮೇಲೆ ನೊಣ, ಜೇನುಹುಳ, ಎತ್ತಿನ ಸಗಣಿ, ಕೂಗಾಟ. ಆಕೆ ಎದುರು ಅಂಗಡಿಯ ಕಂಬದ ಹಿಂದೆ ನಿಂತು ನೋಡಿದಳು. ಬೋಂಡ ಬರಲಿಲ್ಲ, ಕಾಫಿ ಬರಲಿಲ್ಲ. ಕೆಂಪಯ್ಯ ಕೆಲಸ ಮಾಡುತ್ತಿದ್ದ. ಒಂದು ಗಾಡಿಯ ಹತ್ತಿರ ಹೋಗಿ ಮೇಲಿನ ಅಚ್ಚಿನ ಮೂಲೆ ಮುರಿದ, ಬೆರಳಲ್ಲಿ ಒತ್ತಿದ, ಬೆಳಕಿಗೆ ಹಿಡಿದ, ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಮೇಲೆ ಚಂದದ್ದನ್ನು ಜೋಡಿಸಿ ಅಡಿಗೆ ಕಳಪೆ ಇಡುವವರೂ ಇರುತ್ತಾರಲ್ಲ, ಹಾಗಾಗಿ ನಡುವಿಂದ ಒಂದು ಚೂರು, ಬುಡದಿಂದ ಒಂದು ಚೂರು. ಬೆಲೆ ಹೇಳಿದ. ಮುಂದಿನ ಗಾಡಿಯವನು ನಮ್ದೂ ನೋಡಿ ಅಣ್ಣ ಅಂದ. ಅದನ್ನೂ ನೋಡಿದ. ಅದರಾಚೆಯವನು ಕರೆದ. ಅದನ್ನೂ ನೋಡಿದ.

ನೋಡುವುದು. ಆಗ ಬೆಟ್ಟಮ್ಮನಿಗೆ ಹೊಳೆಯಿತು. ಮಂಡಿಯಲ್ಲಿ ಬೆಲ್ಲವನ್ನು ಯಾರೂ ತಿನ್ನುವುದಿಲ್ಲ, ನೋಡುತ್ತಾರೆ. ಪಾಲಹಳ್ಳಿಯ ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸುತ್ತಿದ್ದ ಆಕೆಯ ಅಪ್ಪನೂ ಪಾಕ ನೋಡುತ್ತಿದ್ದ. ಮನೆಗೆ ಯಾರಾದರೂ ಗಂಡನನ್ನು ಕೇಳಿಕೊಂಡು ಬಂದರೆ ಆಕೆಯೇ ಹೇಳುತ್ತಿದ್ದಳು, ಬೆಲ್ಲ ನೋಡ್ತಾವ್ರೆ, ಆಮೇಲೆ ಬನ್ನಿ ಅಂತ. ತಟ್ಟೆ ಇಟ್ಟುಕೊಂಡು ಕೂತರೆ ಅದು ತಿನ್ನುವುದು. ನಿಂತು, ಕಣ್ಣು ಮುಚ್ಚಿ, ಬೆಲೆ ಕಟ್ಟಿದರೆ ಅದು ಕೆಲಸ. ಒಂದು ಬೆಳಗ್ಗೆಯಲ್ಲಿ ಅವನ ಹೊಟ್ಟೆಗೆ ಹೋದ ಬೆಲ್ಲದಲ್ಲಿ ಒಂದು ಮನೆಗೆಲ್ಲ ಹಬ್ಬದ ಒಬ್ಬಟ್ಟು ಮಾಡಬಹುದಿತ್ತು. ಅವನು ದೇವಿಯ ಮೇಲೆ ಆಣೆ ಮಾಡಿ ಹೇಳಿದ್ದು ನಿಜವನ್ನೇ.

ಆಕೆ ಹತ್ತಿರ ಹೋಗಿ ಅವನನ್ನು ಅಂಗಡಿಯ ಒಳಕೋಣೆಗೆ ಕರೆದು, ದಿನಾ ಹೊಟ್ಟೆಗೆ ಇಷ್ಟು ಬೆಲ್ಲ ಹೋಗುತ್ತಿದೆ ಅಂತ ಹೇಳಿದಳು. "ಅದು ತಿನ್ನೋದಲ್ಲ ಕಣೇ, ನೋಡೋದು" ಅಂದ ಕೆಂಪಯ್ಯ. ಅಂದವನು ತನ್ನ ಮಾತು ತನಗೇ ಕೇಳಿಸಿದ ಹಾಗೆ ಬಾಯಿ ತೆರೆದುಕೊಂಡು ನಿಂತ. ಆಮೇಲೆ ಖಾಲಿ ಗೋಣಿಯ ಮೇಲೆ ಕೂತು ಬೆರಳಿಗೆ ಅಂಟಿದ್ದ ಬೆಲ್ಲವನ್ನು ಪಂಚೆಗೆ ಒರೆಸಿಕೊಂಡ.

ಸರಿ, ಗೊತ್ತಾಯಿತು. ಗೊತ್ತಾದರೆ ಮುಗಿಯಿತೇ? ಬಾಯಿಗೆ ಹಾಕಿಕೊಂಡು ಉಗಿದುಬಿಡಿ ಅಂದಳು ಬೆಟ್ಟಮ್ಮ. ಅದು ಆಗದ ಮಾತು ಅಂದ ಅವನು. ಮಂಡಿಯಲ್ಲಿ ನೋಡಿದ ಬೆಲ್ಲವನ್ನು ಉಗಿದರೆ ಆ ಮಾಲು ಮನುಷ್ಯರು ತಿನ್ನುವಂಥದ್ದಲ್ಲ ಅಂತ ಅರ್ಥ. ಬೆಳೆದವನ ಮುಖಕ್ಕೆ ಉಗಿದ ಹಾಗೆ. ನೋಡದೆ ಕೊಳ್ಳುವುದಂತೂ ಇಲ್ಲವೇ ಇಲ್ಲ. ಕೆಂಪಯ್ಯನ ನಾಲಿಗೆ ಅಂತಲೇ ಜನ ಅಷ್ಟು ದೂರದಿಂದ ಗಾಡಿ ಹೊಡೆದುಕೊಂಡು ಬರುವುದು. ಎದೆ ಕೆಟ್ಟಿದೆ ಅಂತ ಬಾಯಿಬಿಟ್ಟು ಹೇಳಿಕೊಂಡರೋ, ನಾಳೆಯಿಂದ ಎದುರು ಅಂಗಡಿಯವನಿಗೆ ಹಬ್ಬ. ಆಕೆ ಎಲ್ಲವನ್ನೂ ಕೇಳಿಸಿಕೊಂಡು, ದಸರೆಗೆ ಇನ್ನೆಷ್ಟು ದಿನ ಉಳಿದಿದೆ ಅಂತಷ್ಟೇ ಕೇಳಿದಳು. ಕೆಂಪಯ್ಯ ಕೈ ಚೆಲ್ಲಿದ. ನಾಳೆ ಒಂದಿನ ಉಗಿದು ನೋಡ್ತೀನಿ, ನೀನೂ ಬಾ ಅಂದ.

ಮಾರನೇ ದಿನ ಮೊದಲು ಬಂದದ್ದು ಮರಿಯಯ್ಯನ ಗಾಡಿ. ಬೆಳಗೊಳದ ಕಡೆಯ ಮುದುಕ, ಮಂಡಿ ತೆರೆದ ಹೊಸದರಿಂದ ಬೇರೆ ಯಾರಿಗೂ ಬೆಲ್ಲ ಹಾಕಿದವನಲ್ಲ. ಅಚ್ಚುಗಳನ್ನು ಆಗಲೇ ಅರ್ಧ ಇಳಿಸಿದ್ದ. ಕೆಂಪಯ್ಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಆ ಕಡೆ ತಿರುಗಿ ಚರಂಡಿಗೆ ಉಗಿದ.

ಮರಿಯಯ್ಯ ಹೆಗಲ ಮೇಲಿದ್ದ ಟವೆಲ್ಲು ತೆಗೆದು ತಲೆಗೆ ಸುತ್ತಿ, ಇಳಿಸಿದ ಅಚ್ಚುಗಳನ್ನು ಒಂದೊಂದಾಗಿ ಮತ್ತೆ ಗಾಡಿಗೆ ಏರಿಸತೊಡಗಿದ. ಸುತ್ತಲಿನ ಗಾಡಿಯವರು ಮಾತು ನಿಲ್ಲಿಸಿ ಇತ್ತ ನೋಡಿದರು. ಕೆಂಪಯ್ಯ ಒಮ್ಮೆ ಗಾಡಿಯನ್ನು, ಒಮ್ಮೆ ಹೆಂಡತಿಯನ್ನು ನೋಡಿದ. ಎದೆಯ ವಿಷಯ ಹೇಳಿದರೆ ವ್ಯಾಪಾರ ಹೋಗುತ್ತದೆ, ಹೇಳದಿದ್ದರೆ ಈ ಮುದುಕ ಹೋಗುತ್ತಾನೆ. ಕೊನೆಗೆ ಅವನು ಬಗ್ಗಿ ಇನ್ನೊಂದು ಚೂರು ಮುರಿದ. ಈ ಸಲ ಉಗಿಯುವುದಿಲ್ಲ ಅಂತ ಬೆಟ್ಟಮ್ಮನಿಗೆ ಅವನ ಬೆನ್ನು ನೋಡಿಯೇ ಗೊತ್ತಾಯಿತು. ಈ ಒಂದು ಚೂರು ನುಂಗಿದರೆ ನಾಳೆಯೂ ನುಂಗುತ್ತಾನೆ, ನಾಡಿದ್ದೂ ನುಂಗುತ್ತಾನೆ. ದಸರೆ ಬರುತ್ತದೆ.

ಆಕೆ ಮೆಟ್ಟಿಲಿಳಿದು ಬಂದು ಅವನ ಕೈಯಿಂದ ಆ ಚೂರನ್ನು ಕಿತ್ತುಕೊಂಡು ತನ್ನ ಬಾಯಿಗೆ ಹಾಕಿಕೊಂಡಳು.

ಕಣ್ಣು ತಾನಾಗಿ ಮುಚ್ಚಿತು. ಮೊದಲು ಸಿಹಿ, ಆಮೇಲೆ ಹೊಗೆಯ ವಾಸನೆ, ಬುಡದಲ್ಲಿ ಎಲ್ಲೋ ಸಣ್ಣ ಉಪ್ಪು. ಅಪ್ಪನ ಆಲೆಮನೆಯಲ್ಲಿ ಓಡಾಡಿಕೊಂಡಿದ್ದಾಗ ಕಲಿತದ್ದು ಅಷ್ಟು ವರ್ಷವಾದರೂ ನಾಲಿಗೆಯಲ್ಲಿ ಹಾಗೇ ಇತ್ತು. ಎಲ್ಲರಿಗೂ ಕಾಣುವ ಹಾಗೆ ನುಂಗಿದಳು.

"ಚೆನ್ನಾಗದೆ ಮರಿಯಣ್ಣ" ಅಂದಳು. "ಚೌಳು ನೆಲದ ಕಬ್ಬು ಸೇರದೆ, ತುಸ ಉಪ್ಪು ಬಂದದೆ. ಉಗಿಯೋ ಅಂಥಾದ್ದೇನಲ್ಲ. ಇವ್ರಿಗೆ ಹಲ್ಲುನೋವು. ಇಳಿಸಿ."

ಮರಿಯಯ್ಯ ಅಚ್ಚು ಹಿಡಿದುಕೊಂಡೇ ಆಕೆಯನ್ನು ನೋಡಿದ, ಅವನನ್ನು ನೋಡಿದ. ಕೆಂಪಯ್ಯ ದವಡೆಯ ಮೇಲೆ ಕೈ ಇಟ್ಟುಕೊಂಡ. ಹೌದು, ಮೂಲೆ ಗದ್ದೇದು ಒಂದಿಷ್ಟು ಸೇರದೆ ಅಂತ ಮುದುಕ ಒಪ್ಪಿಕೊಂಡು ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

ಆವತ್ತಿನಿಂದ ಬೆಲ್ಲ ನೋಡುವುದು ಬೆಟ್ಟಮ್ಮನ ಕೆಲಸವಾಯಿತು. ಹೆಂಗಸು ಮಂಡಿಯಲ್ಲಿ ನಿಲ್ಲುವುದೇ ಅಂತ ಗಾಡಿಯವರು ನಾಲ್ಕು ದಿನ ಮಾತಾಡಿದರು, ಐದನೇ ದಿನ ನಮ್ದೂ ನೋಡಕ್ಕ ಅಂದರು. ಕೆಂಪಯ್ಯ ತಕ್ಕಡಿಯ ಹತ್ತಿರ ನಿಂತು ಬಟ್ಟು ಎತ್ತಿಡುತ್ತಿದ್ದ. ಆಕೆ ಕಣ್ಣು ಮುಚ್ಚಿದಾಗಲೆಲ್ಲ ಅವನ ಗಂಟಲೂ ಆಡುತ್ತಿತ್ತು. ಬೆಟ್ಟಮ್ಮನಿಗೆ ಬೆಳಗ್ಗೆ ಅಡುಗೆ, ಆಮೇಲೆ ಮಂಡಿ, ಸಂಜೆ ಮತ್ತೆ ಒಲೆ. ಮೈ ದಣಿಯುವುದು ಹೊಸದಲ್ಲ, ಬಾಯಿ ದಣಿಯುವುದು ಹೊಸದು. ಸಂಜೆಯ ಹೊತ್ತಿಗೆ ಹಲ್ಲಿಗೆಲ್ಲ ಅಂಟು. ನೀರು ಕುಡಿದರೆ ಸಿಹಿ, ಮಜ್ಜಿಗೆ ಕುಡಿದರೆ ಸಿಹಿ. ಸಾರಿಗೆ ಉಪ್ಪು ಎಷ್ಟು ಅಂತ ಗೊತ್ತಾಗದೆ ಎರಡು ಸಲ ಹಾಕಿಬಿಟ್ಟಳು. ಮಲಗಿದರೆ ಗಂಟಲಲ್ಲಿ ಆ ಸಿಹಿ ಕೂತೇ ಇರುತ್ತಿತ್ತು, ಹೇಸಿಗೆಯಾಗುವಷ್ಟು.

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಸೋಮವಾರ ಕೆಂಪಯ್ಯ ಕೂತ ತಟ್ಟೆ ನಿಧಾನವಾಗಿ ಮೇಲೆದ್ದಿತು. ಹಮಾಲಿಗಳು ಕೂಗಿ ನಕ್ಕರು. ಅವನು ನಗಲಿಲ್ಲ, ಬೆಟ್ಟಮ್ಮ ಎಲ್ಲಿದ್ದಾಳೆ ಅಂತ ಹುಡುಕಿ ನೋಡಿದ. ಆಕೆ ಆಗಲೂ ಒಂದು ಗಾಡಿಯ ಹತ್ತಿರ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಎದೆ ಹಗುರವಾದ ಹಾಗಿದೆ ಅಂತ ಆ ರಾತ್ರಿ ಹೇಳಿದ. ಭಾನುವಾರದ ಮಾತು ಎತ್ತಲಿಲ್ಲ. ಅದನ್ನು ಕೇಳುವುದನ್ನೇ ಅವನು ಬಿಟ್ಟುಬಿಟ್ಟಿದ್ದ.

ಮುಂದಿನ ಭಾನುವಾರ ಎದ್ದವಳೇ ಬೆಟ್ಟಮ್ಮ ತಾನೇ ಹೋಗಿ ಕುರಿಬಾಡು ತಂದಳು. ಯಾಕೆ ಅಂತ ತನಗೂ ಹೇಳಿಕೊಳ್ಳಲಿಲ್ಲ. ಖಾರ ಅರೆಯುವಾಗ ಎರಡು ಮೆಣಸಿನಕಾಯಿ ಹೆಚ್ಚಾಗಿಯೇ ಬಿತ್ತು. ಸಾರು ಕುದಿಯುವಾಗ ಉಪ್ಪು ನೋಡಲು ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡಳು. ಆಮೇಲೆ ಒಂದು ಸೌಟು ಲೋಟಕ್ಕೆ ಹಾಕಿಕೊಂಡು ನಿಂತ ನಿಲುವಲ್ಲೇ ಕುಡಿದಳು. ಆಮೇಲೆ ಇನ್ನೊಂದು. ನಾಲಿಗೆ ಸುಟ್ಟಿತು, ಮೂಗು ಸೋರಿತು, ಹಲ್ಲಿನ ಸಂದಿಯಲ್ಲಿದ್ದ ಅಂಟೆಲ್ಲ ಕರಗಿ ಹೋಗಿ ಬಾಯಿ ಮತ್ತೆ ತನ್ನದಾಯಿತು. ಅಬ್ಬಾ ಅಂದಳು. ಅಂದಮೇಲೆ ಆ ಜಗಲಿಯ ತುದಿಯಲ್ಲಿ, ಬಿಸಿಲಲ್ಲಿ, ಪಕ್ಕದ ಮನೆಯ ವಾಸನೆ ಹಿಡಿದು ಕೂತಿದ್ದ ಮನುಷ್ಯ ನೆನಪಾದ. ಹೊಟ್ಟೆಬಾಕತನ ಅಂದುಕೊಂಡಿದ್ದಳು ಅದನ್ನು. ಒಲೆಯ ಮುಂದೆ ಕೂತು ಅತ್ತುಬಿಟ್ಟಳು. ಖಾರಕ್ಕೆ ಅಂತ ಹೇಳಿದರೂ ನಡೆಯುತ್ತಿತ್ತು.

ಕೆಂಪಯ್ಯ ಒಳಗೆ ಬಂದಾಗ ಎರಡು ತಟ್ಟೆ ಹಾಕಿದ್ದಳು. ಅವನು ಬಾಡಿನ ಸಾರು ನೋಡಿ ಬಾಗಿಲಲ್ಲೇ ನಿಂತ. ದಸರೆ ಇನ್ನೂ ಬಂದಿಲ್ಲವಲ್ಲ ಅಂದ.

"ಇದು ನಿಮ್ಗಲ್ಲ. ನಂಗೆ ಕೊಸರು" ಅಂದಳು ಬೆಟ್ಟಮ್ಮ. "ಬಾಯೆಲ್ಲ ಸಿಹಿ ಕಟ್ಕೊಂಡು ಸತ್ತೋಗ್ತೀನಿ ಅನ್ನಿಸ್ತಾ ಅದೆ. ಇಷ್ಟು ವರ್ಷ ನೀವು ಹಿಂಗೇ ಇದ್ರಾ? ಒಂದು ಮಾತು ಹೇಳ್ಬಾರ್ದಾಗಿತ್ತಾ?"

"ಬೆಲ್ಲ ಮಾರೋನು ಬೆಲ್ಲ ಬೇಜಾರು ಅಂತ ಯಾರ ಮುಂದೆ ಹೇಳೋದು" ಅಂದ ಕೆಂಪಯ್ಯ.

ಕೂತು ಉಂಡರು. ಅವನು ಸಣ್ಣದೊಂದು ಮುದ್ದೆ ಹಾಕಿಸಿಕೊಂಡು, ಎರಡು ತುಂಡು ಬಾಡಿನಲ್ಲಿ ಮುಗಿಸಿ ಕೈ ಹಿಂದಕ್ಕೆಳೆದ. ಆಕೆ ಸಾಕು ಅನ್ನುವ ಮೊದಲೇ ಅವನೇ ಸಾಕು ಅಂದಿದ್ದು ಅದೇ ಮೊದಲು. ಬೆಟ್ಟಮ್ಮನ ತಟ್ಟೆಯಲ್ಲಿ ಸಾರು ಮುಗಿದಿತ್ತು. ಅವನು ಎಡಗೈಯಲ್ಲಿ ಸಾರಿನ ಪಾತ್ರೆ ಹತ್ತಿರಕ್ಕೆ ಎಳೆದುಕೊಂಡು ಸೌಟು ತೆಗೆದುಕೊಂಡ. ಆ ಮನೆಯಲ್ಲಿ ಅವನು ಸೌಟು ಹಿಡಿದದ್ದನ್ನು ಆಕೆ ಯಾವತ್ತೂ ಕಂಡಿರಲಿಲ್ಲ. ಅರ್ಧ ಸಾರು ನೆಲಕ್ಕೆ ಚೆಲ್ಲಿತು.

"ಇನ್ನೊಂಚೂರು ಹಾಕಿಸ್ಕೊ" ಅಂದ.

ಬೆಟ್ಟಮ್ಮ ಬೇಡ ಅನ್ನಲಿಲ್ಲ. ತಟ್ಟೆಯನ್ನು ಅವನ ಕಡೆ ಸರಿಸಿದಳು.